ಕಲ್ಲು ಬೀಳುವ ಆಟ

ಪೀರಪ್ಪನಿಗೆ ಏನಾಗಿತ್ತು ಎಂದು ರಾವೂರಿನಲ್ಲಿ ಯಾರನ್ನು ಕೇಳಿದರೂ ಇವತ್ತಿಗೂ ಒಂದೇ ಉತ್ತರ: ಆಟದ ಚಟ. ಕುಡಿದು ಬಂದವರು ಹಾಗೆನ್ನುತ್ತಾರೆ, ಇಸ್ಪೀಟಿಗೆ ಕೂತವರು ಕೈಯಲ್ಲಿನ ಎಲೆ ಕೆಳಗಿಡದೆ ಹಾಗೆನ್ನುತ್ತಾರೆ, ಮಟ್ಕಾ ಬರೆಸುವವರಂತೂ ಗಲ್ಲ ಗಲ್ಲ ಬಡಿದುಕೊಂಡು ಹಾಗೆನ್ನುತ್ತಾರೆ. ನಮ್ಮೂರಿಗೆ ಪರರ ಚಟ ಕಾಣುವಷ್ಟು ಚೆನ್ನಾಗಿ ಇನ್ನೇನೂ ಕಾಣುವುದಿಲ್ಲ. ಆ ಹುಡುಗ ಆ ವಿಡಿಯೋ ಗೇಮಿನ ಪೆಟ್ಟಿಗೆಯ ಮುಂದೆ ಯಾಕೆ ನಿಂತಿದ್ದ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದವನು ಒಬ್ಬನಿದ್ದ, ಸೈಕಲ್ ಅಂಗಡಿಯ ಅಮೀರ್ ಅಲಿ. ಅವನ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳಬೇಕು?

ಪೀರಪ್ಪನ ಅಪ್ಪ ಕಾಶಪ್ಪ ಊರಾಚೆಯ ಸುಣ್ಣಗಲ್ಲಿನ ಖಣಿಯಲ್ಲಿ ನಿಶಾನಿ ಹಿಡಿಯುತ್ತಿದ್ದ. ಬಂಡೆಗೆ ಮದ್ದು ಹಾರಿಸುವ ಮೊದಲು ಎಚ್ಚರಿಕೆಯ ಭೋಂಗಾ ಕೂಗುತ್ತದೆ. ಆಗ ಕೆಂಪು ಬಟ್ಟೆ ಕಟ್ಟಿದ ಕೋಲು ಹಿಡಿದು ಹಾದಿಗೆ ಅಡ್ಡ ನಿಂತು, ಜನ ದನ ಯಾವುದೂ ಒಳಗೆ ಹೋಗದಂತೆ ತಡೆಯುವುದು ಅವನ ಕೆಲಸ. ಈ ಕೆಲಸಕ್ಕೆ ಒಂದು ಕಟ್ಟಳೆ ಇದೆ. ಭೋಂಗಾ ನಿಲ್ಲುವುದರೊಳಗೆ ಬರುವವರನ್ನೆಲ್ಲ ಹಿಂದಕ್ಕೆ ಅಟ್ಟಿ ಮುಗಿಸಬೇಕು, ನಿಂತ ಮೇಲೆ ಮುಖ ಖಣಿಯ ಕಡೆಗೇ ಇರಬೇಕು. ಹಾರಿ ಬರುವ ಕಲ್ಲು ಕಣ್ಣಿಗೆ ಬಿದ್ದರೆ ಸರಿದು ನಿಂತು ಬದುಕಬಹುದು, ಬೆನ್ನು ತಿರುಗಿಸಿದವನಿಗೆ ಕಲ್ಲು ಹೇಳಿ ಬರುವುದಿಲ್ಲ. ಕಾಶಪ್ಪ ಇದನ್ನು ಕೆಲಸಕ್ಕೆ ಬಂದ ಹೊಸಬರಿಗೆಲ್ಲ ಕಲಿಸುತ್ತಿದ್ದ. ಮಗನಿಗೂ ಕಲಿಸಿದ್ದ. ಅಂಗಳದಲ್ಲಿ ಮಗನನ್ನು ನಿಲ್ಲಿಸಿ ದೂರದಿಂದ ಹುಣಸೆ ಬೀಜ ಎಸೆಯುತ್ತಿದ್ದ, ಮಗ ಎಡಕ್ಕೆ ಬಲಕ್ಕೆ ಸರಿಯುತ್ತಿದ್ದ. ತಪ್ಪಿಸಿಕೊಂಡರೂ ನಗು, ಬೀಜ ಹಣೆಗೆ ಬಡಿದರೂ ನಗು. ಆ ಮನೆಯಲ್ಲಿ ಆಗ ನಗುವಿಗೆ ಬರಗಾಲವಿರಲಿಲ್ಲ.

ಅಂಥ ಕಾಶಪ್ಪ ಒಂದು ಮಧ್ಯಾಹ್ನ, ಭೋಂಗಾ ನಿಂತ ಮೇಲೆ, ಬೆನ್ನು ತಿರುಗಿಸಿದ. ಕಲ್ಲು ತಲೆಯ ಹಿಂಭಾಗಕ್ಕೆ ಬಡಿಯಿತು. ಬಿದ್ದವನು ಮತ್ತೆ ಏಳಲಿಲ್ಲ.

ಪಳಗಿದ ಮನುಷ್ಯ ಯಾಕೆ ತಿರುಗಿದ ಎಂದು ಊರು ಬಹಳ ದಿನ ಮಾತಾಡಿತು. ಹಣೆಬರಹ ಎಂದರು. ಖಣಿಯ ಅಂಚಿನ ದ್ಯಾವಮ್ಮನಿಗೆ ಆ ವರ್ಷ ಕುರಿ ಬೀಳಲಿಲ್ಲ ಎಂದರು. ಆ ದಿನ ಅಪ್ಪನಿಗೆ ಬುತ್ತಿ ತಂದಿದ್ದವನು ಪೀರಪ್ಪ, ಆಗಿನ್ನೂ ಹದಿಮೂರರ ಹುಡುಗ. ಅವನು ಹಾದಿಯಲ್ಲಿ ಅಪ್ಪನ ಹಿಂದೆಯೇ ನಿಂತಿದ್ದ. ಬುತ್ತಿಯ ಬಟ್ಟೆ ಬಿಚ್ಚಿಕೊಂಡು ರೊಟ್ಟಿ ಮಣ್ಣಲ್ಲಿ ಬಿದ್ದಿದ್ದವು. ಇದೆಲ್ಲ ನೂರು ಜನರ ಕಣ್ಣಿಗೆ ಬಿತ್ತು. ಕಂಡದ್ದನ್ನು ಕೂಡಿಸಿ ನೋಡುವ ತಾಳ್ಮೆ ನೂರರಲ್ಲಿ ಒಬ್ಬರಿಗೂ ಇರಲಿಲ್ಲ.

ಕಾಶಪ್ಪನ ದಿವಸದ ಊಟದಂದು ಪೀರಪ್ಪನ ಸೋದರಮಾವ ದಶರಥ ಅವನ ತಲೆಗೆ ಬಿಳಿ ರುಮಾಲು ಸುತ್ತಿದ. ಅಪ್ಪ ಸತ್ತರೆ ಹಿರಿಯ ಮಗನಿಗೆ ಸೋದರಮಾವ ರುಮಾಲು ಸುತ್ತುವುದು ನಮ್ಮಲ್ಲಿ ನಡೆದುಕೊಂಡು ಬಂದ ರೂಢಿ. ಅಲ್ಲಿಂದ ಮುಂದೆ ಆ ಮಗನೇ ಮನೆಯ ಯಜಮಾನ. ಅವನ ಮೇಲೆ ಯಾರೂ ಕೈ ಮಾಡುವಂತಿಲ್ಲ, ಅವನು ಅಳುವಂತಿಲ್ಲ. ಅತ್ತರೆ ಸತ್ತವರ ಜೀವಕ್ಕೆ ಹಾದಿ ಸಿಗುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ರುಮಾಲು ಹುಡುಗನಿಗೆ ದೊಡ್ಡದಾಗಿ ಕಿವಿಯವರೆಗೆ ಜಾರಿತು. ಅವನ ತುಟಿ ನಡುಗುತ್ತಿದ್ದದ್ದು ನೋಡಿ ದಶರಥ ರುಮಾಲನ್ನು ಮೇಲಕ್ಕೆತ್ತಿ ಬಿಗಿ ಮಾಡಿದ.

“ಯಜಮಾನ ಆದಾಂವ ಅಳಾಂಗಿಲ್ಲ. ಅವ್ವನ ಕಣ್ಣೀರು ಒರಸಾಂವ ಇನ್ನ ನೀನೇ ಇದ್ದಿ.”

ಹುಡುಗ ಏನೋ ಹೇಳಲು ಬಾಯಿ ತೆರೆದಿದ್ದ. ಅದನ್ನು ಉಗುಳಿನ ಜೊತೆ ನುಂಗಿಕೊಂಡ. ಭಲೇ ಎಂದು ಊರ ಹಿರಿಯರು ತಲೆದೂಗಿದರು. ನನಗೆ ಆ ತಲೆದೂಗಿದವರ ಮೇಲೆ ಇವತ್ತಿಗೂ ಸಿಟ್ಟಿದೆ.

ಆವತ್ತಿನಿಂದ ಅವನಿಗೆ ಹೆಸರೇ ಹೋಯಿತು. ಓಣಿಯವರು ಯಜಮಾನ ಎಂದರು, ಕಿರಾಣಿ ಅಂಗಡಿಯವನು ಯಜಮಾನ ಎಂದ, ತಾಯಿ ಸುಂದರಬಾಯಿ ಕೂಡ ಮೊದಲ ರೊಟ್ಟಿ ಅವನ ತಟ್ಟೆಗೆ ಹಾಕಿ ಜೋಳ ಎಲ್ಲಿ ತರಿಸೋಣ ಎಂದು ಅವನನ್ನೇ ಕೇಳುತ್ತಿದ್ದಳು. ಗೋಲಿ ಆಡಲು ಕೂತರೆ, ಏನಪ್ಪ ಯಜಮಾನ, ಸಂಸಾರ ಬಿಟ್ಟು ಗೋಲಿಗೆ ಕೂತಿಯಾ ಎಂದು ಹೋಗಿಬರುವವರು ಚಾಷ್ಟಿ ಮಾಡುತ್ತಿದ್ದರು. ಅವನು ಗೋಲಿ ಬಿಟ್ಟ, ಗೆಳೆಯರನ್ನು ಬಿಟ್ಟ, ಆಮೇಲೆ ಮಾತನ್ನೂ ಬಿಟ್ಟ. ತಂಗಿ ಹಣಮಮ್ಮ ಒಬ್ಬಳೇ ಅವನನ್ನು ಮೊದಲಿನ ಹಾಗೆ ಅಣ್ಣಾ ಎನ್ನುತ್ತಿದ್ದಳು. ಅವಳು ಬಹಳ ಸಣ್ಣವಳು, ರುಮಾಲಿನ ಅರ್ಥ ತಿಳಿಯದವಳು.

ಖಣಿಯ ಕೆಲಸ ನೋಡಿಕೊಳ್ಳುವ ಮುಕಾದಮ ಒಳ್ಳೆಯವನೆನಿಸಿಕೊಳ್ಳಲು ಒಂದು ಮಾತು ಕೊಟ್ಟಿದ್ದ: ಹುಡುಗ ಹದಿನೆಂಟರವನಾದ ದಿನ ಕರೆತನ್ನಿ, ಅಪ್ಪನ ಜಾಗ ಅವನದೇ. ಇದನ್ನು ಆ ಮನೆಯಲ್ಲಿ ದೇವರ ವರದ ಹಾಗೆ ದಿನಾ ನೆನೆಯುತ್ತಿದ್ದರು. ಅಪ್ಪ ಸತ್ತ ಅದೇ ಹಾದಿಯಲ್ಲಿ, ಅದೇ ಕೋಲು ಹಿಡಿದು ಒಂದು ದಿನ ತಾನೂ ನಿಲ್ಲಬೇಕು ಎಂದು ಹುಡುಗ ದಿನಾ ಕೇಳಿಸಿಕೊಳ್ಳುತ್ತಿದ್ದ.

ಅವನು ಹೈಸ್ಕೂಲಿಗೆ ವಾಡಿಗೆ ಹೋಗುತ್ತಿದ್ದ. ವಾಡಿ ಸ್ಟೇಷನ್ನಿನ ಎದುರು ಅಮೀರ್ ಅಲಿಯ ಸೈಕಲ್ ಅಂಗಡಿ. ಎಂಬತ್ತಾರರ ಸುಮಾರಿಗೆ ಅಮೀರ್ ಅಲಿ ಬೊಂಬಾಯಿಯಿಂದ ಹಳೆಯದೊಂದು ವಿಡಿಯೋ ಗೇಮಿನ ಪೆಟ್ಟಿಗೆ ರೈಲಿಗೆ ಹಾಕಿಸಿಕೊಂಡು ತಂದ. ಆಳೆತ್ತರದ ಪೆಟ್ಟಿಗೆ, ಎದೆಯ ಮಟ್ಟಕ್ಕೆ ಟಿವಿ, ಅದರ ಕೆಳಗೆ ಎಡಕ್ಕೂ ಬಲಕ್ಕೂ ವಾಲುವ ಒಂದು ಹಿಡಿಕೆ. ಆಟ ಬಹಳ ಸಾದಾ. ಒಂದು ಗುಡ್ಡ, ಅದರ ಬುಡದಲ್ಲಿ ಕಡ್ಡಿಯಂಥ ಒಬ್ಬ ಮನುಷ್ಯ, ಮೇಲಿನಿಂದ ಬೀಳುವ ಕಲ್ಲುಗಳು. ಕಲ್ಲು ತಪ್ಪಿಸುತ್ತ ಮನುಷ್ಯನನ್ನು ಆ ತುದಿಯ ಗುಡಿಸಲಿಗೆ ಮುಟ್ಟಿಸಿದರೆ ಗೆದ್ದಂತೆ. ಕಲ್ಲು ಬಡಿದರೆ ಮನುಷ್ಯ ಬೀಳುತ್ತಾನೆ, ಆದರೆ ಹಿಡಿಕೆ ಅಲುಗಿಸಿದರೆ ಮತ್ತೆ ಎದ್ದು ನಿಲ್ಲುತ್ತಾನೆ.

ಪೀರಪ್ಪ ಮೊದಲ ಸಲ ಅದನ್ನು ನೋಡಿದಾಗ ಪಾಟಿಚೀಲ ಹೆಗಲಿನಿಂದ ಇಳಿಸುವುದನ್ನೂ ಮರೆತು ನಿಂತಿದ್ದನಂತೆ. ಬಿದ್ದ ಮನುಷ್ಯ ಎದ್ದಾಗ ಅವನ ಮೈ ಜುಂ ಎಂದದ್ದು ಪಕ್ಕದಲ್ಲಿದ್ದ ತನಗೂ ಕಂಡಿತು ಎಂದು ಅಮೀರ್ ಅಲಿ ಆಮೇಲೆ ಹೇಳುತ್ತಿದ್ದ. ಮರುದಿನ ಬಂದ, ಅದರ ಮರುದಿನವೂ ಬಂದ. ಕೈಯಲ್ಲಿ ಕಾಸಿಲ್ಲದ್ದಕ್ಕೆ ಪಂಕ್ಚರ್ ಹಚ್ಚಿಕೊಟ್ಟು, ಗಾಲಿಗೆ ಗಾಳಿ ಹೊಡೆದು ಆಡುತ್ತಿದ್ದ. ಬರಬರುತ್ತ ಶಾಲೆಯ ಗಂಟೆ ಬಾರಿಸುವಾಗಲೂ ಅಂಗಡಿಯಲ್ಲೇ ಇರತೊಡಗಿದ. ಕರೆಂಟು ಹೋದರೆ ಉಳಿದ ಹುಡುಗರು ಬೈದು ಚದುರುತ್ತಿದ್ದರು, ಇವನು ಕಪ್ಪಾದ ಗಾಜಿನ ಮುಂದೆ ಹಿಡಿಕೆಯ ಮೇಲೆ ಕೈಯಿಟ್ಟು ಹಾಗೇ ನಿಂತಿರುತ್ತಿದ್ದ. ಅಮೀರ್ ಅಲಿ ಮನೆಗೆ ಹೋಗು ಎಂದರೆ ಕೇಳಿಸುತ್ತಿರಲಿಲ್ಲ, ಚಾ ಕೊಟ್ಟರೆ ಆರಿ ಹೋಗುತ್ತಿತ್ತು. ಆ ಅಂಗಡಿಯಲ್ಲಿ ಅವನನ್ನು ಯಾರೂ ಯಜಮಾನ ಎನ್ನುತ್ತಿರಲಿಲ್ಲ. ರುಮಾಲನ್ನು ಮಡಚಿ ಪಾಟಿಚೀಲದ ತಳಕ್ಕೆ ಹಾಕಿರುತ್ತಿದ್ದ.

ಹತ್ತನೆಯ ಇಯತ್ತೆಯಲ್ಲಿ ಡುಮ್ಕಿ ಹೊಡೆದಾಗ ವಿಷಯ ಊರಿಗೆ ಬಂತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಸುಂದರಬಾಯಿ ಮಗನ ಚಪ್ಪಲಿ ಮುಚ್ಚಿಟ್ಟು ನೋಡಿದಳು, ಅವನು ಬರಿಗಾಲಲ್ಲಿ ವಾಡಿಗೆ ಹೋದ. ಊಟ ಬಿಟ್ಟು ಕೂತಳು, ಅವನೂ ಬಿಟ್ಟ. ದರ್ಗಾಕ್ಕೆ ಕರೆದೊಯ್ದು ತಾಯತ ಕಟ್ಟಿಸಿದಳು. ರುಮಾಲಿನವನ ಮೇಲೆ ಕೈ ಮಾಡುವಂತಿಲ್ಲವಲ್ಲ, ಅದಕ್ಕೆ ದಶರಥ ಬಾಯಲ್ಲೇ ಹೊಡೆದ: ಅಪ್ಪನ ಹೆಸರು ಮಣ್ಣುಗೂಡಿಸಿದೆ, ಸತ್ತವನು ನೋಡಿದ್ದರೆ ಇನ್ನೊಮ್ಮೆ ಸಾಯುತ್ತಿದ್ದ ಎಂದ. ಆ ಮಾತು ಆಡಿದ ದಿನ ಹುಡುಗ ಅಂಗಡಿಯ ಬಾಗಿಲು ಹಾಕುವವರೆಗೂ ಹಿಡಿಕೆ ಬಿಡಲಿಲ್ಲ.

ಕೊನೆಗೆ ಸುಂದರಬಾಯಿ ತಾನೇ ಅಂಗಡಿಗೆ ಹೋದಳು. ಬೈಯಬೇಕೆಂದು ಸೆರಗು ಬಿಗಿದುಕೊಂಡೇ ಹೋಗಿದ್ದಳು. ಬಾಗಿಲಲ್ಲಿ ಕಾಲು ತಡೆಯಿತು. ಮಗ ನಾಲಿಗೆಯ ತುದಿ ಹಲ್ಲಲ್ಲಿ ಕಚ್ಚಿಕೊಂಡು ಆಡುತ್ತಿದ್ದ. ಹುಣಸೆ ಬೀಜ ತಪ್ಪಿಸಿಕೊಳ್ಳುವಾಗಿನ ಅದೇ ಮುಖ. ಮೂರು ವರ್ಷದಿಂದ ಮನೆಯಲ್ಲಿ ಕಾಣದ ತನ್ನ ಕೂಸು ಅಲ್ಲಿ ಪೆಟ್ಟಿಗೆಯ ಬೆಳಕಲ್ಲಿ ನಿಂತಿತ್ತು. ಅವಳು ಬಿಗಿದಿದ್ದ ಸೆರಗನ್ನು ಸಡಿಲಿಸಿದಳು.

ಅಮೀರ್ ಅಲಿ ಅವಳನ್ನು ಹೊರಗಿನ ಬೇವಿನ ನೆರಳಿಗೆ ಕರೆದ. ಪೆಟ್ಟಿಗೆ ತಂದದ್ದಕ್ಕೆ ಮೊದಲು ಕೈ ಮುಗಿದ. ಆಮೇಲೆ ಬಹಳ ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಹೇಳಿದ.

“ಅಕ್ಕಾ, ಬ್ಯಾರೆ ಹುಡುಗ್ರು ಗೆಲ್ಲಲಿಕ್ಕ ಆಡ್ತಾವ. ಇಂವ ಆ ಮನಶ್ಯಾನ್ನ ಗುಡಿಸಲಕ್ಕ ಒಯ್ಯಾಂಗೇ ಇಲ್ಲ. ನಡುವ ನಿಂದ್ರಿಸಿ ಬರೇ ಕಲ್ಲು ತಪ್ಪಸ್ತಾನ. ‘ನನ್ನ ಕಡಿ ತಿರಗಬ್ಯಾಡ, ನನ್ನ ಕಡಿ ತಿರಗಬ್ಯಾಡ’ ಅಂತ ಅದರ ಜೋಡಿ ಮಾತಾಡ್ತಾನ. ಯಾರಿಗಿ ಅಂತಾನ, ನೀವೇ ಒಮ್ಮಿ ಕೇಳ್ರಿ. ನಾ ಕೇಳಿದ್ರ ಹೇಳಾಂಗಿಲ್ಲ.”

ಸುಂದರಬಾಯಿ ಮಗನನ್ನು ಕರೆದುಕೊಂಡು ರಾವೂರ ಹಾದಿ ಹಿಡಿದಳು. ಹಾದಿಯ ಎರಡೂ ಕಡೆ ಜಾಲಿ ಗಿಡಗಳ ಮೇಲೆ ಸಿಮೆಂಟಿನ ಧೂಳು. ಅರ್ಧ ಹಾದಿ ಕಳೆಯಿತು. ಆಮೇಲೆ ಅವಳು ಅವನ ಕೈ ಹಿಡಿದು, ಯಜಮಾನ ಎನ್ನದೆ, ಬಹಳ ದಿನದ ಮೇಲೆ ಹೆಸರು ಹಿಡಿದು ಕೇಳಿದಳು.

“ಪೀರಪ್ಪಾ, ತಿರಗಬ್ಯಾಡ ಅಂತ ಯಾರಿಗಿ ಅಂತಿ?”

ಹುಡುಗ ನಿಂತುಬಿಟ್ಟ. ಮಾತು ಬಾಯಿಯವರೆಗೆ ಬಂದಿತ್ತು, ತಾಯಿಗೂ ಅದು ಕಂಡಿತ್ತು. ಅಷ್ಟರಲ್ಲಿ ಎದುರಿನಿಂದ ಸೈಕಲ್ ಗಂಟೆ ಕೇಳಿಸಿತು. ದಶರಥ ಬರುತ್ತಿದ್ದ. ಹುಡುಗ ತಾಯಿಯ ಕೈ ಬಿಡಿಸಿಕೊಂಡು, ಪಾಟಿಚೀಲದಿಂದ ರುಮಾಲು ತೆಗೆದು ತಲೆಗೆ ಸುತ್ತಿಕೊಂಡು ನೆಟ್ಟಗೆ ನಿಂತ. ಆ ಸೈಕಲ್ ಒಂದು ಗಳಿಗೆ ತಡವಾಗಿ ಬಂದಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅಂದುಕೊಂಡು ಆಗುವುದೇನಿದೆ.

ದಶರಥ ಖುಷಿಯಲ್ಲಿದ್ದ. ಮುಕಾದಮನ ಕಾಲು ಹಿಡಿದು ಬಂದಿದ್ದ. ವಯಸ್ಸು ಹೆಚ್ಚು ಹೇಳಿದ್ದ, ಮೀಸೆ ಮೂಡಿದೆ ಎಂದು ಅವನೂ ಒಪ್ಪಿದ್ದ. ಬರುವ ಸೋಮವಾರದಿಂದಲೇ ಕೆಲಸ.

“ದುಡ್ಯಾಕ ಹಚ್ಚಿದ್ರ ಚಟ ತಾನೇ ಬಿಡ್ತದ. ಕೈಯಾಗ ನಿಶಾನಿ ಬಂದ್ರ ಆಟ ಯಾತರದು?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಜನ ನಾವು. ದಶರಥ ಕೆಟ್ಟವನಲ್ಲ. ಅಕ್ಕನ ಮನೆ ನಿಲ್ಲಲಿ ಎಂದು ಬೆವರು ಸುರಿಸಿದವನು, ಕಾಶಪ್ಪ ಸತ್ತ ದಿನದಿಂದ ಆ ಮನೆಯ ಜೋಳಕ್ಕೆ ಹೆಗಲು ಕೊಟ್ಟವನು. ಕೆಟ್ಟವರು ಮಾಡುವ ಕೇಡಿಗೆ ಅಡ್ಡ ನಿಲ್ಲಬಹುದು, ಒಳ್ಳೆಯವರು ಮಾಡುವ ಕೇಡಿಗೆ ಯಾರು ಅಡ್ಡ ನಿಲ್ಲುತ್ತಾರೆ?

ಸುಂದರಬಾಯಿಯ ಎದೆಯಲ್ಲಿ ಅಮೀರ್ ಅಲಿಯ ಮಾತು ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಆದರೂ ತಮ್ಮ ಹೇಳಿದ್ದು ಸರಿಯಿರಬಹುದು ಎನಿಸಿತು. ಊರೆಲ್ಲ ಅದನ್ನೇ ಹೇಳುತ್ತಿತ್ತು. ಮಗ ಒಲ್ಲೆ ಎನ್ನಲಿಲ್ಲ, ಅತ್ತು ಕರೆಯಲಿಲ್ಲ. ಒಂದೇ ಒಂದು ಮಾತು ಕೇಳಿದ.

“ಅವ್ವಾ, ಬುತ್ತಿ ನಾ ಮುಂಜಾನೆ ಕಟಗೊಂಡು ಹೋಗ್ತೀನಿ. ಯಾರ್ನೂ ಕಳಸಬ್ಯಾಡ.”

ಅವಳು ಹೂಂ ಎಂದಳು. ಸೋಮವಾರ ಅವನು ಅಪ್ಪನ ಹಾಗೆ ರುಮಾಲು ಸುತ್ತಿ, ಬುತ್ತಿ ಕಟ್ಟಿಕೊಂಡು ಹೊರಟ. ಓಣಿಯ ಹೆಂಗಸರು ಕಟ್ಟೆಗೆ ಬಂದು ನಿಂತು ನೋಡಿದರು. ಥೇಟ್ ಕಾಶಪ್ಪನೇ ಎಂದು ಒಬ್ಬಳು ಕಣ್ಣೊರೆಸಿಕೊಂಡಳು.

ಆ ಹೆಂಗಸರೇ ಹೊತ್ತೇರಿದ ಮೇಲೆ ಸುಂದರಬಾಯಿಗೆ ನೆನಪು ಮಾಡಿದರು. ಕೆಲಸಕ್ಕೆ ಸೇರಿದ ಮೊದಲ ದಿನ ಗಂಡಸು ಮುಂಜಾನೆಯ ತಂಗಳ ಬುತ್ತಿ ಉಣ್ಣಬಾರದು, ಮನೆಯ ಹೆಣ್ಣುಮಗಳೇ ಬಿಸಿ ರೊಟ್ಟಿ ಒಯ್ದು ಕೊಡಬೇಕು, ಆಗಲೇ ಆ ಕೆಲಸದಲ್ಲಿ ಅನ್ನ ಹುಟ್ಟುತ್ತದೆ. ನಮ್ಮೂರಲ್ಲಿ ಇದನ್ನು ತಪ್ಪಿಸಿದವರಿಲ್ಲ. ವಿಧವೆ ತನ್ನ ಕೈಯಿಂದ ಅದನ್ನು ಒಯ್ಯಬಾರದು ಎಂದೂ ಅವರೇ ಹೇಳಿದರು. ಸುಂದರಬಾಯಿ ಮಗನಿಗೆ ಹೂಂ ಎಂದದ್ದು ನೆನೆದು ಒಲೆಯ ಮುಂದೆ ಬಹಳ ಹೊತ್ತು ಕೂತಳು. ಈ ಮನೆಗೆ ಇನ್ನೊಂದು ಅಪಶಕುನ ಬೇಡ ಎನಿಸಿತು. ರೊಟ್ಟಿ ಬಡಿದಳು, ಪುಂಡಿಪಲ್ಯ ಮಾಡಿದಳು, ಬಿಳಿ ಬಟ್ಟೆಯಲ್ಲಿ ಕಟ್ಟಿ ಹಣಮಮ್ಮನ ತಲೆಯ ಮೇಲಿಟ್ಟು ಕಳಿಸಿದಳು.

ಖಣಿಯಲ್ಲಿ ಹುಡುಗ ಎಲ್ಲರಿಗೂ ಮೆಚ್ಚುಗೆಯಾಗಿದ್ದ. ನಿಲ್ಲುವ ಜಾಗ, ಕೋಲು ಎತ್ತುವ ರೀತಿ ಯಾವುದನ್ನೂ ಎರಡು ಸಲ ಹೇಳಬೇಕಾಗಲಿಲ್ಲ. ಮಧ್ಯಾಹ್ನ ಭೋಂಗಾ ಕೂಗಿತು. ಹಾದಿಯಲ್ಲಿದ್ದ ಕುರಿಯವನನ್ನು ಅವನು ಹಿಂದಕ್ಕೆ ಅಟ್ಟಿದ. ಭೋಂಗಾ ನಿಂತಿತು. ಅವನು ಖಣಿಗೆ ಮುಖ ಮಾಡಿ ನಿಂತ.

ಆಗ ಹಿಂದಿನ ತಿರುವಿನಲ್ಲಿ ಹಣಮಮ್ಮ ಬಂದಳು. ನಿಶಾನಿ ಎಂದರೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಣ್ಣನ ಬೆನ್ನು ಕಂಡು ಖುಷಿಯಾಗಿ ಕೂಗಿದಳು.

“ಅಣ್ಣಾ.”

ದೂರದಲ್ಲಿ ಬಂಡೆಯ ಮರೆಗೆ ಕೂತಿದ್ದ ಕೆಲಸದವರಿಗೂ ಆ ಕೂಗು ಕೇಳಿಸಿತು. ಅವನ ಬೆನ್ನು ಸೆಟೆದದ್ದು ಕಂಡಿತು. ಕೂಸು ಬಂತು, ಹಿಂದಕ್ಕೆ ಕಳಿಸೋ ಎಂದು ಅವರು ಚೀರಿದರು. ಅವನು ತಿರುಗಲಿಲ್ಲ. ಕೋಲನ್ನು ನೆಲಕ್ಕೆ ಊರಿ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ. ಅಣ್ಣನಿಗೆ ಕೇಳಿಸಲಿಲ್ಲವೆಂದು ಅವಳು ಮತ್ತೆ ಕೂಗುತ್ತ ಹತ್ತಿರ ಬಂದಳು, ಅವನ ಬೆನ್ನಿಗೇ ಬಂದು ನಿಂತಳು. ಮದ್ದು ಹಾರಿತು. ಆಕಾಶಕ್ಕೆ ಎದ್ದ ಕಲ್ಲುಗಳಲ್ಲಿ ಒಂದು ನೇರ ಅವನ ಕಡೆಗೆ ಬಂತು. ಅವನು ಅದನ್ನು ನೋಡಿದ, ನೋಡಿ ಸೊಗಸಾಗಿ ಎಡಕ್ಕೆ ಸರಿದ. ಕಲ್ಲು ಹಿಂದಿದ್ದವಳ ಕಾಲ ಮೇಲೆ ಬಿತ್ತು.

ಊರಿಗೆ ಸುದ್ದಿ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಸುಂದರಬಾಯಿ ಓಡಿ ಬಂದಾಗ ಮಗಳು ಪ್ರಜ್ಞೆಯಿಲ್ಲದೆ ಮುಕಾದಮನ ತೊಡೆಯ ಮೇಲಿದ್ದಳು. ಮೊಣಕಾಲ ಕೆಳಗೆ ಎಲುಬು ಕಾಣುತ್ತಿತ್ತು, ರಕ್ತ ನಿಲ್ಲುತ್ತಿರಲಿಲ್ಲ. ಮುಂದೆ ಅವಳು ಬದುಕಿದಳು, ಆದರೆ ಆ ಕಾಲು ಉಳಿಯಲಿಲ್ಲ. ಆ ಹೊತ್ತಿನಲ್ಲೂ ಮಗ ಇನ್ನೂ ಖಣಿಗೇ ಮುಖ ಮಾಡಿ ನಿಂತಿದ್ದ. ಜನ ಕರೆದರೂ, ದಶರಥ ರಟ್ಟೆ ಹಿಡಿದು ಎಳೆದರೂ ಹಿಂದಕ್ಕೆ ತಿರುಗುತ್ತಿರಲಿಲ್ಲ. ಸುಂದರಬಾಯಿ ಸುತ್ತಿಬಂದು ಅವನ ಎದುರಿಗೆ ನಿಂತಳು. ಅಂಗಡಿಯಲ್ಲಿ ಕಂಡ ಅದೇ ಮುಖ, ಶಾಬಾಸ್ ಎನ್ನಿಸಿಕೊಳ್ಳಲು ಕಾದ ಕೂಸಿನ ಮುಖ.

“ಅವ್ವಾ, ಆಕಿ ಕರದ್ಲು, ನಾ ತಿರಗಲಿಲ್ಲ. ಅವತ್ತ ನಾ ಕರದಿದ್ದೆ, ಅಪ್ಪ ತಿರಗಿದ.”

ಸುತ್ತ ನಿಂತವರಿಗೆಲ್ಲ ಕೇಳಿಸಿತು. ಮೂರು ವರ್ಷದ ಹಿಂದೆ ಕೇಳಬೇಕಾಗಿದ್ದ ಮಾತು ಅದು. ಸುಂದರಬಾಯಿ ಕೈ ಎತ್ತಿ ಮಗನ ತಲೆಯ ರುಮಾಲು ಬಿಚ್ಚಿದಳು. ಬದುಕಿದ್ದವನ ರುಮಾಲು ಬಿಚ್ಚಬಾರದು ಅಕ್ಕಾ ಎಂದು ದಶರಥ ಕೈ ಅಡ್ಡ ತಂದ. ಅವಳು ಆ ಕೈ ತಳ್ಳಿ, ರುಮಾಲನ್ನು ಹಲ್ಲಿನಿಂದ ಸೀಳಿ, ಮಗಳ ಕಾಲಿಗೆ ಬಿಗಿಯಾಗಿ ಸುತ್ತಿ ಕಟ್ಟಿದಳು. ಆಮೇಲೆ ರಕ್ತದ ಕೈಯಲ್ಲೇ ಬರಿತಲೆಯಲ್ಲಿ ನಿಂತ ಮಗನನ್ನು ಎದೆಗೆ ಎಳೆದುಕೊಂಡಳು.

“ಅಳು ನನ್ನಪ್ಪಾ. ನೀ ಏನೂ ಮಾಡಿಲ್ಲ. ಈಗರ ಅಳು.”

ಪೀರಪ್ಪ ಬಾಯಿ ತೆರೆದ. ಅಳು ಬರಲಿಲ್ಲ. ತಾಯಿಯ ಹೆಗಲ ಮೇಲಿನಿಂದ ಆಕಾಶವನ್ನೇ ನೋಡುತ್ತಿದ್ದ. ಕೋಲಿನ ಮೇಲಿದ್ದ ಅವನ ಮುಷ್ಟಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಲೇ ಇತ್ತು.